ವಿಲ್ಲಿಸ್ ಜೀಪಿನ ಸ್ಟಾರ್ಟರ್: 6 ವೋಲ್ಟನ್ನೇ ಉಳಿಸಿಕೊಂಡು ಮಾಡಿದ ಮಾರ್ಪಾಡು

ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ ಅಥವಾ ಫೋರ್ಡ್ ಜಿಪಿಡಬ್ಲ್ಯು ಜೀಪನ್ನು ಬಿಚ್ಚಿ, ಬಣ್ಣ ಹೊಡೆಸಿ, ಮತ್ತೆ ಕಟ್ಟಿದ ಮೇಲೆ ಸ್ಟಾರ್ಟರ್ (ಎಂಜಿನ್ನನ್ನು ತಿರುಗಿಸಿ ಚಾಲೂ ಮಾಡುವ ಮೋಟರ್) ತೂಕಡಿಸಿಕೊಂಡು ತಿರುಗುತ್ತದೆ. ನೋಡಿದವರೆಲ್ಲ ಹೇಳುವುದು ಒಂದೇ: "12 ವೋಲ್ಟ್ ಹಾಕಿಬಿಡಿ." ನಾನು ಹಾಕುವುದಿಲ್ಲ. 2.2 ಲೀಟರಿನ, 6.48 ಕಂಪ್ರೆಶನ್ ಅನುಪಾತದ ಆ ಎಂಜಿನ್ನನ್ನು ಯುರೋಪಿನ ಚಳಿಗಾಲದಲ್ಲೂ ತಿರುಗಿಸಿದ್ದು ಇದೇ 6 ವೋಲ್ಟ್. ತೊಂದರೆ ವೋಲ್ಟಿನದಲ್ಲ, ದಾರಿಯಲ್ಲಿ ಸೋರಿಹೋಗುವ ವೋಲ್ಟಿನದು.

6 ವೋಲ್ಟಿನ ಮೋಟರಿಗೆ 12 ಕೊಟ್ಟರೆ ತಿರುಗುವುದೇನೋ ಜೋರಾಗಿಯೇ ತಿರುಗುತ್ತದೆ. ಆದರೆ ಮೋಟರ್ ತಿರುಗಿದೊಡನೆ ಮುಂದೆ ಸರಿಯುವ ಬೆಂಡಿಕ್ಸ್ ಗೇರು, ಎಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲಿನ ಹಲ್ಲಿಗೆ ಎರಡು ಪಟ್ಟು ರಭಸದಿಂದ ಬಡಿಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ಆಫ್ ಮಾಡಿದಾಗ ಕಂಪ್ರೆಶನ್ನಿನ ತಡೆಗೆ ಸಿಕ್ಕಿ ಸಾಮಾನ್ಯವಾಗಿ ಎರಡೇ ಜಾಗದಲ್ಲಿ ನಿಲ್ಲುತ್ತದೆ. ಹಾಗಾಗಿ ಆ ಎರಡು ಜಾಗದ ಹಲ್ಲುಗಳೇ ಸವೆಯುತ್ತವೆ. ಬೆಂಡಿಕ್ಸ್ ಸ್ಪ್ರಿಂಗ್ ತುಂಡಾಗುವುದೂ ಹೀಗೆಯೇ.

ಸ್ಪ್ಯಾನರ್ ಹಿಡಿಯುವ ಮೊದಲು ಮೀಟರ್ ಹಿಡಿಯಬೇಕು. ಕಾಯಿಲಿನಿಂದ ಬರುವ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರ್ ಕ್ಯಾಪಿನಿಂದ ಕಿತ್ತು ಎಂಜಿನ್ ಬಾಡಿಗೆ ತಾಗಿಸಿಟ್ಟರೆ ಗಾಡಿ ಸ್ಟಾರ್ಟ್ ಆಗದು. ಇನ್ನೊಬ್ಬರು ಸ್ಟಾರ್ಟರ್ ಒತ್ತುತ್ತಿರುವಾಗ ಮೂರು ಕಡೆ ಅಳೆಯಿರಿ. ಬ್ಯಾಟರಿಯ ಎರಡು ತಲೆಗಳ ನಡುವೆ 4.8 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಮೊದಲು ಬ್ಯಾಟರಿ, ಆಮೇಲೆ ಮೋಟರ್ ನೋಡಬೇಕು. ಪಾಸಿಟಿವ್ ತಲೆಯಿಂದ ಸ್ಟಾರ್ಟರಿನ ಬೋಲ್ಟಿಗೆ, ಹಾಗೆಯೇ ನೆಗೆಟಿವ್ ತಲೆಯಿಂದ ಸ್ಟಾರ್ಟರಿನ ಬಾಡಿಗೆ, ತಲಾ 0.2 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಮೀಟರಿನ ಮೊನೆಯನ್ನು ಕ್ಲ್ಯಾಂಪಿಗೆ ತಾಗಿಸಬೇಡಿ, ಬ್ಯಾಟರಿಯ ಸೀಸದ ತಲೆಗೇ ತಾಗಿಸಿ. ಕ್ಲ್ಯಾಂಪ್ ಹಿಡಿತದ ದೋಷವೂ ಆಗ ಲೆಕ್ಕಕ್ಕೆ ಸಿಗುತ್ತದೆ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ತಿರುಗಿಸಬಾರದು.

ಹೊಸದಾಗಿ ಕಟ್ಟಿದ ಗಾಡಿಯಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಅರ್ತಿಂಗ್, ಅಂದರೆ ಕರೆಂಟ್ ಲೋಹದ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಚಾಸಿಸ್ಸಿಗೆ ಬಣ್ಣ, ಫ್ಲೈವೀಲನ್ನು ಮುಚ್ಚುವ ಬೆಲ್ ಹೌಸಿಂಗಿಗೆ ಬಣ್ಣ, ಸ್ಟಾರ್ಟರ್ ಕೂರುವ ಮುಖಕ್ಕೂ ಬಣ್ಣ. ಚೆಂದ ಕಾಣುವ ಕೆಲಸವೇ ಕರೆಂಟಿಗೆ ಅಡ್ಡಗೋಡೆ. ಸ್ಟಾರ್ಟರಿನ ಮುಖ, ಬೆಲ್ ಹೌಸಿಂಗಿನ ಮುಖ, ಬ್ಯಾಟರಿ ಕೇಬಲ್ ಚಾಸಿಸ್ಸಿಗೆ ಸೇರುವ ಜಾಗ, ಇವನ್ನೆಲ್ಲ ಎಮರಿ ಪೇಪರಿನಿಂದ ಹೊಳೆಯುವ ಲೋಹ ಬರುವ ತನಕ ಉಜ್ಜಿದೆ. ಬೋಲ್ಟ್ ಬಿಗಿಮಾಡಿದ ಮೇಲೆ ಹೊರಗಿನಿಂದ ವ್ಯಾಸಲಿನ್ ಸವರಿದೆ. ಎಂಜಿನ್ನಿಂದ ಚಾಸಿಸ್ಸಿಗೆ ಚಪ್ಪಟೆ ತಾಮ್ರದ ಹೆಣಿಗೆಯ ಪಟ್ಟಿ ಇರಲೇಬೇಕು.

ಇನ್ನು ಕೇಬಲ್. ಅಂಗಡಿಯಲ್ಲಿ ಸಿಗುವ ಕಾರಿನ ರೆಡಿಮೇಡ್ ಕೇಬಲ್ ದಪ್ಪ ಕಾಣುತ್ತದೆ, ಕತ್ತರಿಸಿ ನೋಡಿದರೆ ಒಳಗಿನ ತಾಮ್ರ ಅನೇಕ ಸಲ 16 ಸ್ಕ್ವೇರ್ ಎಂಎಂ ಅಷ್ಟೇ. ಎರಡೂವರೆ ಮೀಟರ್ ಉದ್ದಕ್ಕೆ 150 ಆಂಪಿಯರ್ ಹರಿದರೆ ಅದರಲ್ಲೇ 0.4 ವೋಲ್ಟ್ ಹೋಗುತ್ತದೆ. ಅದೇ 70 ಸ್ಕ್ವೇರ್ ಎಂಎಂ ವೆಲ್ಡಿಂಗ್ ಕೇಬಲ್ಲಿನಲ್ಲಿ ಹೋಗುವುದು 0.1 ವೋಲ್ಟಿಗೂ ಕಡಿಮೆ. ತಾಮ್ರದ ಲಗ್‌ಗಳನ್ನು ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ. ಸುತ್ತಿಗೆಯಲ್ಲಿ ಕುಟ್ಟಿದ ಲಗ್ ಕೆಲವೇ ತಿಂಗಳಲ್ಲಿ ಬಿಸಿಯಾಗಲು ಶುರುವಾಗುತ್ತದೆ.

ಮೋಟರ್ ಬಿಚ್ಚಿದಾಗ ನೋಡಬೇಕಾದ್ದು ಬುಷ್ (ಶಾಫ್ಟ್ ಕೂರುವ ಬೇರಿಂಗ್) ಮತ್ತು ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು). ಬುಷ್ ಸವೆದಿದ್ದರೆ ತಿರುಗುವ ಆರ್ಮೆಚರ್ ಸುತ್ತಲಿನ ಪೋಲಿಗೆ ಉಜ್ಜಿ ಕರೆಂಟ್ ಕುಡಿಯುತ್ತದೆ. ಬ್ರಷ್ ತಾಮ್ರದ ಅಂಶ ಹೆಚ್ಚಿರುವ 6 ವೋಲ್ಟಿನದೇ ಆಗಬೇಕು, ವೈಂಡಿಂಗ್ ಅಂಗಡಿಯವರು ಕೈಗೆ ಸಿಕ್ಕ 12 ವೋಲ್ಟಿನದನ್ನು ಉಜ್ಜಿ ಕೂರಿಸಿಬಿಡುತ್ತಾರೆ. ಬೆಂಡಿಕ್ಸಿಗೆ ಗ್ರೀಸ್ ಬೇಡ, ಧೂಳು ಮೆತ್ತಿಕೊಂಡು ಗೇರು ಮುಂದೆ ಸರಿಯದಂತಾಗುತ್ತದೆ.

ಈಗ ಮಾರ್ಪಾಡಿನ ವಿಷಯ. ಮೂಲ ಜೀಪಿನಲ್ಲಿ ಸೊಲೆನಾಯ್ಡ್ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ವಿದ್ಯುತ್ಕಾಂತದ ಸ್ವಿಚ್) ಇಲ್ಲ. ಬ್ಯಾಟರಿಯ ಕೇಬಲ್ ಕಾಲಿನಡಿಯ ಸ್ವಿಚ್ಚಿಗೆ ಹೋಗಿ ಅಲ್ಲಿಂದ ಸ್ಟಾರ್ಟರಿಗೆ ಬರುತ್ತದೆ. ಪೂರ್ತಿ ಕರೆಂಟನ್ನು ಆ ಪುಟ್ಟ ಸ್ವಿಚ್ಚೇ ಹೊರುವುದರಿಂದ ಅದರ ತಾಮ್ರದ ಬಿಲ್ಲೆ ಸುಟ್ಟು ಕಪ್ಪಾಗುತ್ತದೆ. ಬ್ಯಾಟರಿಯ ಪಕ್ಕದಲ್ಲಿ, ಕಣ್ಣಿಗೆ ಬೀಳದ ಕಡೆ, ಹಳೆಯ ಫೋರ್ಡ್ 8ಎನ್ ಟ್ರ್ಯಾಕ್ಟರಿಗೆ ಬರುವ ಮಾದರಿಯ 6 ವೋಲ್ಟಿನ ಸೊಲೆನಾಯ್ಡ್ ಕೂರಿಸಿದೆ. ದಪ್ಪ ಕೇಬಲ್ ಬ್ಯಾಟರಿಯಿಂದ ಸೊಲೆನಾಯ್ಡಿಗೆ, ಅಲ್ಲಿಂದ ನೇರ ಸ್ಟಾರ್ಟರಿಗೆ. ಕಾಲಿನ ಸ್ವಿಚ್ ಈಗ ಸೊಲೆನಾಯ್ಡನ್ನು ಎಳೆಸುವ ಕೆಲಸ ಮಾತ್ರ ಮಾಡುತ್ತದೆ: ಒಂದು ಬೋಲ್ಟು ಅರ್ತಿಗೆ, ಇನ್ನೊಂದು ತೆಳು ವೈರಿನಲ್ಲಿ ಸೊಲೆನಾಯ್ಡಿನ ಸಣ್ಣ ಟರ್ಮಿನಲ್ಲಿಗೆ. ಕಾಲಿನಲ್ಲೇ ಒತ್ತುವುದರಿಂದ ಹಳೆಯ ಕ್ರಮ ತಪ್ಪುವುದಿಲ್ಲ. ಡ್ಯಾಶ್‌ಬೋರ್ಡಿನ ಬಟನ್ನಾದರೆ ಹೊರಗೆ ನಿಂತವರು ಗೇರಿನಲ್ಲಿರುವ ಗಾಡಿಯ ಬಟನ್ ಒತ್ತುವ ಅಪಾಯವಿದೆ.

ಸೊಲೆನಾಯ್ಡಿನಲ್ಲಿ ಎರಡು ಜಾತಿ. ಸಣ್ಣ ಟರ್ಮಿನಲ್ಲಿಗೂ ಬ್ಯಾಟರಿಯ ಕಡೆಯ ದಪ್ಪ ಬೋಲ್ಟಿಗೂ ನಡುವೆ ಮೀಟರ್ ಕಡಿಮೆ ಓಮ್ ತೋರಿಸಿದರೆ ಅದು ಅರ್ತ್ ಕೊಟ್ಟರೆ ಎಳೆಯುವ ಜಾತಿ, ಮೇಲಿನ ವೈರಿಂಗ್ ಇದಕ್ಕೇ. ಸಣ್ಣ ಟರ್ಮಿನಲ್ಲಿಗೂ ಬಾಡಿಗೂ ನಡುವೆ ತೋರಿಸಿದರೆ ಪಾಸಿಟಿವ್ ಕೊಡಬೇಕು. 12 ವೋಲ್ಟಿನ ಸೊಲೆನಾಯ್ಡ್ ಇಲ್ಲಿ ಟಕಟಕ ಎನ್ನುವುದೇ ಹೆಚ್ಚು. ಕಾಲಿನ ಸ್ವಿಚ್ಚಿನ ಬಿಲ್ಲೆಯನ್ನು ಬಿಚ್ಚಿ ಚೊಕ್ಕ ಮಾಡಲೇಬೇಕು, ಸಣ್ಣ ಕರೆಂಟಿಗೆ ಕಿಲುಬನ್ನು ಸುಟ್ಟು ದಾಟುವ ಶಕ್ತಿ ಇಲ್ಲ.

ಕರೆಂಟ್ ಎಷ್ಟೆಂದು ತೋರಿಸುವ ಆಮೀಟರಿಗೆ ಹೋಗುವ ವೈರ್ ಮೂಲದಲ್ಲಿ ಕಾಲಿನ ಸ್ವಿಚ್ಚಿನ ಬ್ಯಾಟರಿ ಬೋಲ್ಟಿನಲ್ಲೇ ಇರುತ್ತದೆ. ಅದನ್ನು ಸೊಲೆನಾಯ್ಡಿನ ಬ್ಯಾಟರಿ ಕಡೆಯ ಬೋಲ್ಟಿಗೆ ತರಬೇಕು. ಅಲ್ಲೇ ಬಿಟ್ಟು ಆ ಬೋಲ್ಟನ್ನು ಅರ್ತ್ ಮಾಡಿದರೆ ಇಗ್ನಿಶನ್, ಲೈಟು ಎಲ್ಲ ಸತ್ತಂತೆ. ಸ್ಟಾರ್ಟರ್ ಕಡೆಯ ಬೋಲ್ಟಿಗೆ ಹಾಕಿದರೆ ಇಗ್ನಿಶನ್ನಿಗೆ ಬ್ಯಾಟರಿ ಸಿಗುವುದು ಮೋಟರ್ ತಿರುಗುವಷ್ಟು ಹೊತ್ತು ಮಾತ್ರ.

ಅರ್ತಿನಿಂದ ಎಳೆಯುವ ಸೊಲೆನಾಯ್ಡಿನ ತೆಳು ವೈರ್ ಎಲ್ಲಾದರೂ ಸುಲಿದು ಬಾಡಿಗೆ ತಾಗಿದರೆ ಎಂಜಿನ್ ತಾನಾಗಿ ತಿರುಗಲು ಶುರುವಾಗುತ್ತದೆ. ಅದಕ್ಕೆ ವೈರನ್ನು ರಬ್ಬರ್ ಗ್ರೊಮೆಟ್ ಮತ್ತು ಸ್ಲೀವಿನೊಳಗೆ ತಂದೆ. ಒಳಗಿನ ಕಾಂಟ್ಯಾಕ್ಟ್ ಅಂಟಿಕೊಂಡರೆ ಕಾಲು ತೆಗೆದರೂ ಮೋಟರ್ ನಿಲ್ಲದು. ಹಾಗಾಗಿ ನೆಗೆಟಿವ್ ಕೇಬಲ್ಲಿನಲ್ಲಿ ಕೀಲಿ ತಿರುಗಿಸಿ ಬ್ಯಾಟರಿಯ ಕರೆಂಟ್ ಕಡಿಯುವ ಐಸೊಲೇಟರ್ ಹಾಕಿ, ಬಾನೆಟ್ ಎತ್ತದೆ ಡ್ರೈವರಿನ ಕೈಗೆ ಎಟಕುವಂತೆ ಇಟ್ಟೆ.