ಮೊದಲು ರೆಫರಲ್, ಆಮೇಲೆ ಹಾಸಿಗೆ: ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆ ವಿಎ ಮೂಲಕ ಕುಡಿತ ಬಿಡಿಸಿಕೊಂಡ ನನ್ನ ಅನುಭವ

2022ರ ಫೆಬ್ರವರಿಯ ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದೆ. ಅದಕ್ಕೆ ಹಿಂದಿನ ಎರಡು ದಿನ ಒಂದು ಹನಿ ಕುಡಿದಿರಲಿಲ್ಲ. ಕಾರಣವೂ ಅದೇ. ವರ್ಷಗಟ್ಟಲೆ ಕುಡಿದವರು ದಿಢೀರನೆ ನಿಲ್ಲಿಸಿದರೆ ಹೀಗಾಗಬಹುದು, ಜೀವವೇ ಹೋಗಬಹುದು ಅಂತ ನನಗೆ ಗೊತ್ತಿರಲಿಲ್ಲ. ಮನಸ್ಸು ಗಟ್ಟಿ ಮಾಡಿದರೆ ಸಾಕು ಅಂದುಕೊಂಡಿದ್ದೆ. ನೀವು ದಿನಾ ಕುಡಿಯುವವರಾದರೆ ದಯವಿಟ್ಟು ಮನೆಯಲ್ಲಿ ಒಬ್ಬರೇ ಈ ಸಾಹಸ ಮಾಡಬೇಡಿ.

ನನ್ನದು ಅರಸೀಕೆರೆ ಕಡೆಯ ಊರು. ಎಂ.ಎಸ್. ಓದಲು ಟೆಕ್ಸಸ್‌ಗೆ ಬಂದೆ. 2009ರಲ್ಲಿ ಅಮೆರಿಕದ ಸೇನೆ ಮಾವ್ನಿ ಅಂತ ಒಂದು ಯೋಜನೆ ಶುರು ಮಾಡಿತು. ಗ್ರೀನ್ ಕಾರ್ಡ್ ಇಲ್ಲದಿದ್ದರೂ ಪರವಾಗಿಲ್ಲ, ಅವರಿಗೆ ಬೇಕಾದ ಭಾಷೆ ಬಂದರೆ ಸೇರಬಹುದಿತ್ತು, ಪೌರತ್ವವೂ ಬೇಗ ಸಿಗುತ್ತಿತ್ತು. ನನ್ನನ್ನು ತೆಗೆದುಕೊಂಡಿದ್ದು ಹಾಸ್ಟೆಲ್‌ನಲ್ಲಿ ಕಲಿತ ಹಿಂದಿಗೆ! ನಾಲ್ಕು ವರ್ಷ ಸಪ್ಲೈ ವಿಭಾಗದಲ್ಲಿದ್ದೆ. 2012ರಲ್ಲಿ ಕಂದಹಾರ್. 2014ರಲ್ಲಿ ಹೊರಗೆ ಬಂದು ಡಾಲಸ್ ಹತ್ತಿರ ಐಟಿ ಕೆಲಸಕ್ಕೆ ಸೇರಿದೆ. ನಿದ್ದೆ ಬರಲಿ ಅಂತ ಶುರುವಾದ ಎರಡು ಪೆಗ್ ಯಾವಾಗ ಬಾಟಲಿ ಆಯಿತು ಅನ್ನುವುದನ್ನು ಬಿಡಿ, ಆ ಕಥೆ ಎಲ್ಲರದ್ದೂ ಒಂದೇ ಥರ ಇರುತ್ತದೆ. ನಾನು ಹೇಳಹೊರಟಿದ್ದು ದುಡ್ಡಿನ ಕಥೆ.

ವಿಎ ಅಂದರೆ ಡಿಪಾರ್ಟ್‌ಮೆಂಟ್ ಆಫ್ ವೆಟರನ್ಸ್ ಅಫೇರ್ಸ್. ಸೇನೆ ಬಿಟ್ಟವರಿಗೆ ಸರ್ಕಾರವೇ ನಡೆಸುವ ಆಸ್ಪತ್ರೆಗಳ ಜಾಲ. 20 ವರ್ಷ ದುಡಿದು ನಿವೃತ್ತರಾದವರಿಗೆ ಟ್ರೈಕೇರ್ ಅನ್ನುವ ವಿಮೆ ಸಿಗುತ್ತದೆ, ಅದು ಬೇರೆ. ನನ್ನಂತೆ ನಾಲ್ಕು ವರ್ಷ ಮಾಡಿ ಬಂದವರಿಗೆ ಇರುವುದು ವಿಎ. ಇದನ್ನು ವಿಮೆ ಅಂದುಕೊಂಡದ್ದೇ ನನ್ನ ದೊಡ್ಡ ತಪ್ಪು. ವಿಮೆ ಕಾರ್ಡಿನ ಥರ ಇದನ್ನು ಯಾವುದೋ ಆಸ್ಪತ್ರೆಯ ಕೌಂಟರ್‌ನಲ್ಲಿ ತೋರಿಸಿ ಒಳಗೆ ಹೋಗಲು ಆಗುವುದಿಲ್ಲ. ವಿಎ ತಾನೇ ಚಿಕಿತ್ಸೆ ಕೊಡುತ್ತದೆ, ಇಲ್ಲವೇ ತಾನು ಮೊದಲೇ ಒಪ್ಪಿ ಕಳಿಸಿದ ಕಡೆ ದುಡ್ಡು ಕಟ್ಟುತ್ತದೆ.

ನಮ್ಮ ಸೋದರಮಾವ ಭಾರತದ ಸೇನೆಯಲ್ಲಿ ಹವಾಲ್ದಾರ್ ಆಗಿದ್ದವರು. ಅವರ ಇಸಿಎಚ್‌ಎಸ್ (ನಿವೃತ್ತ ಸೈನಿಕರ ಆರೋಗ್ಯ ಯೋಜನೆ) ಕಾರ್ಡಿನ ಕಥೆ ಕೇಳಿಯೇ ಬೆಳೆದಿದ್ದೇನೆ. ಪಾಲಿಕ್ಲಿನಿಕ್‌ಗೆ ಹೋಗಿ ರೆಫರಲ್ ಬರೆಸಿಕೊಂಡೇ ಹಾಸನದ ಆಸ್ಪತ್ರೆಗೆ ಹೋಗುತ್ತಿದ್ದರು. ಅದನ್ನೆಲ್ಲ ನೋಡಿದ ನಾನು ಇಲ್ಲಿ ಬಂದು ಅದೇ ಪಾಠ ಮರೆತೆ.

ಫಿಟ್ಸ್ ಬಂದ ದಿನ ಆಂಬುಲೆನ್ಸ್ ಹತ್ತಿರದ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋಯಿತು. ಎರಡು ರಾತ್ರಿ ಇದ್ದೆ. ಹೊರಗಿನ ಆಸ್ಪತ್ರೆಯ ಎಮರ್ಜೆನ್ಸಿಗೆ ವಿಎ ದುಡ್ಡು ಕಟ್ಟಬೇಕಾದರೆ 72 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಆಸ್ಪತ್ರೆಯವರು ತಿಳಿಸಬಹುದು, ಮನೆಯವರೂ ತಿಳಿಸಬಹುದು. ನಾವು ಯಾರೂ ತಿಳಿಸಲಿಲ್ಲ. ಇನ್ನೊಂದು ಷರತ್ತು ಇನ್ನೂ ಸೂಕ್ಷ್ಮ: ಹಿಂದಿನ 24 ತಿಂಗಳಲ್ಲಿ ಒಮ್ಮೆಯಾದರೂ ವಿಎ ಮೂಲಕ ಡಾಕ್ಟರನ್ನು ನೋಡಿರಬೇಕು. ನಾನು ಕೊನೆಯ ಸಲ ಹೋಗಿದ್ದು 2019ರಲ್ಲಿ. ಹೆಸರು ನೋಂದಾಯಿಸಿದ್ದೆ, ಆದರೆ ಹೋಗುತ್ತಿರಲಿಲ್ಲ. ಬಿಲ್ಲು ಆಫೀಸಿನ ವಿಮೆಗೆ ಹೋಯಿತು. ಅವರು ಕಟ್ಟದೆ ಉಳಿದ ಭಾಗವನ್ನು ಒಂದು ವರ್ಷ ಕಂತಿನಲ್ಲಿ ತೀರಿಸಿದೆ. ವರ್ಷಕ್ಕೊಂದು ಸಲ ಸುಮ್ನೆ ಬಿಪಿ ತೋರಿಸಿಕೊಂಡು ಬಂದು, ಅವತ್ತು ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಹೋಗದಿರಲು ಕಾರಣ ಇತ್ತು. ವಿಎಯಲ್ಲಿ ವರ್ಷಕ್ಕೊಮ್ಮೆ ನರ್ಸ್ ಮೂರು ಪ್ರಶ್ನೆ ಕೇಳುತ್ತಾರೆ. ಎಷ್ಟು ಸಲ ಕುಡಿಯುತ್ತೀರಿ, ಕುಡಿದ ದಿನ ಎಷ್ಟು, ಒಂದೇ ಕೂತಲ್ಲಿ ಆರು ಅಥವಾ ಹೆಚ್ಚು ಎಷ್ಟು ಸಲ. ಮೂರಕ್ಕೂ ಸುಳ್ಳು ಹೇಳುತ್ತಿದ್ದೆ. ಸುಳ್ಳು ಹೇಳಿ ಹೇಳಿ ಬೇಜಾರಾಗಿ ಹೋಗುವುದನ್ನೇ ಬಿಟ್ಟೆ. ನಿಜ ಹೇಳಿದ್ದರೆ ಅವತ್ತೇ ದಾಖಲೆಯಲ್ಲಿ ಬರುತ್ತಿತ್ತು, ಅಲ್ಲಿಂದಲೇ ಚಿಕಿತ್ಸೆ ಶುರುವಾಗುತ್ತಿತ್ತು.

ಆಸ್ಪತ್ರೆಯಿಂದ ಬಂದು ಮೂರೇ ವಾರಕ್ಕೆ ಮತ್ತೆ ಕುಡಿದೆ. ಈ ಸಲ ಹೆಂಡತಿ ರಾತ್ರಿ ಕೂತು ಫೋನ್‌ನಲ್ಲಿ ಹುಡುಕಿ ಒಂದು ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿದಳು. ತುಂಬಾ ಸಿಹಿಯಾಗಿ ಮಾತಾಡಿದರು. "ವೆಟರನ್ನಾ? ವಿಎ ನಮ್ಮಲ್ಲಿ ನಡೆಯುತ್ತೆ, ನಾಳೆ ಬೆಳಗ್ಗೆ ವಿಮಾನದ ಟಿಕೆಟ್ ಕೂಡ ನಾವೇ ಮಾಡಿಸ್ತೀವಿ" ಅಂದರು. ಬೇರೆ ರಾಜ್ಯದ ಸೆಂಟರ್. ಸಹಿ ಹಾಕಲು ಇಮೇಲ್‌ನಲ್ಲಿ ಒಂದು ಕಾಗದ ಬಂತು. ನಾನು ಹಾಕಿಬಿಡುತ್ತಿದ್ದೆ. ಇವಳು ಓದಿದಳು. "ರೀ, ಇಲ್ಲಿ ನೋಡಿ, ಯಾರೂ ಕಟ್ಟದಿದ್ದರೆ ಪೂರ್ತಿ ನಾವೇ ಕಟ್ಟಬೇಕಂತೆ" ಅಂದಳು. ಆ ಮೊತ್ತ ನನ್ನ ಐದು ತಿಂಗಳ ಸಂಬಳ.

ಬೆಳಗ್ಗೆ ವಿಎ ಆಸ್ಪತ್ರೆಗೆ ಫೋನ್ ಮಾಡಿ ಸೋಷಿಯಲ್ ವರ್ಕರ್ ಒಬ್ಬರನ್ನು ಕೇಳಿದೆವು. ಅವರ ಉತ್ತರವನ್ನು ಹೆಂಡತಿ ಕ್ಯಾಲೆಂಡರ್ ಹಿಂದೆ ಬರೆದಿಟ್ಟಳು: ನಮ್ಮ ಅನುಮತಿ ಪತ್ರ ಇಲ್ಲದೆ ಸೇರಿದರೆ ನಾವು ಕಟ್ಟುವುದಿಲ್ಲ. ಸೇರಿದ ಮೇಲೆ ಅನುಮತಿ ಕೇಳಿದರೂ ಕಷ್ಟ. ಇವತ್ತೇ ನೇರವಾಗಿ ಇಲ್ಲಿಗೆ ಬನ್ನಿ.

ಅಪಾಯಿಂಟ್‌ಮೆಂಟ್ ಇಲ್ಲದೆ ಹೋದೆ. ಮಾನಸಿಕ ಆರೋಗ್ಯದ ತುರ್ತಿಗೆ ವಿಎ ಆಸ್ಪತ್ರೆಗಳಲ್ಲಿ ಅದೇ ದಿನ ನೋಡುತ್ತಾರೆ, ಕುಡಿತವೂ ಅದರಲ್ಲಿ ಸೇರುತ್ತದೆ. ನನ್ನ ಕೈಯಲ್ಲಿದ್ದದ್ದು ವಿಎ ಐಡಿ ಕಾರ್ಡ್ ಮತ್ತು ಡಿಡಿ-214. ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಕಾಗದ ಅದು. ಇನ್ನೂ ನೋಂದಾಯಿಸದವರು 10-10ಇಝೆಡ್ ಅನ್ನುವ ಫಾರಂ ತುಂಬಬೇಕು, ಆಗ ಈ ಡಿಡಿ-214 ಬೇಕಾಗುತ್ತದೆ. ನನ್ನ ಜೊತೆ ಇದ್ದ ಒಬ್ಬನಿಗೆ ಬಿಡುಗಡೆ ಕಾಗದದಲ್ಲಿ ಒಳ್ಳೆಯ ಷರಾ ಇರಲಿಲ್ಲ. ತನಗೆ ಏನೂ ಸಿಗುವುದಿಲ್ಲ ಅಂತ ಅವನು ಹತ್ತು ವರ್ಷ ಕೇಳಲೇ ಇಲ್ಲ. ಅಂಥವರಲ್ಲೂ ಅನೇಕರಿಗೆ ಮಾನಸಿಕ ಆರೋಗ್ಯದ ಚಿಕಿತ್ಸೆ ಸಿಗುತ್ತದೆ. ಕೇಳಿ ನೋಡುವುದರಲ್ಲಿ ನಷ್ಟ ಇಲ್ಲ.

ನಾಲ್ಕು ದಿನ ವಾರ್ಡಿನಲ್ಲಿ ಇಟ್ಟುಕೊಂಡು ದೇಹದಿಂದ ಮದ್ಯ ಇಳಿಸಿದರು. ಕೆಲವು ಗಂಟೆಗೊಮ್ಮೆ ನರ್ಸ್ ಬಂದು "ಕೈ ಮುಂದೆ ಚಾಚಿ" ಅನ್ನುತ್ತಾರೆ. ಬೆರಳು ಎಷ್ಟು ನಡುಗುತ್ತಿದೆ, ಬೆವರು ಎಷ್ಟು, ವಾಕರಿಕೆ ಇದೆಯಾ, ಚರ್ಮದ ಮೇಲೆ ಹುಳ ಹರಿದಂತೆ ಆಗುತ್ತಿದೆಯಾ, ಇವತ್ತು ಯಾವ ತಾರೀಖು. ಎಲ್ಲದಕ್ಕೂ ಅಂಕ. ನಾನು ಜೀವನದಲ್ಲಿ ಕಡಿಮೆ ಅಂಕಕ್ಕೆ ಆಸೆಪಟ್ಟ ಪರೀಕ್ಷೆ ಅದೊಂದೇ. ಅಂಕ ಜಾಸ್ತಿಯಾದರೆ ಲೊರಾಜೆಪಾಮ್ ಕೊಡುತ್ತಾರೆ, ಜೊತೆಗೆ ಬಿ1 ವಿಟಮಿನ್.

ಇದಕ್ಕೆ ನನ್ನ ಕೈಯಿಂದ ಒಂದು ಡಾಲರೂ ಹೋಗಲಿಲ್ಲ. ಅದಕ್ಕೆ ಕಾರಣ ಕೇಳಿದರೆ ನಗುತ್ತೀರಿ. 2014ರಲ್ಲಿ ಹೊರಬರುವಾಗ ಗೆಳೆಯನೊಬ್ಬನ ಒತ್ತಾಯಕ್ಕೆ ಕಿವಿಯಲ್ಲಿ ಸದಾ ಗುಂಯ್ ಅನ್ನುತ್ತದೆ ಅಂತ ಕ್ಲೇಮು ಹಾಕಿದ್ದೆ. ಅದಕ್ಕೆ ಶೇ. 10 ಅಂಗವೈಕಲ್ಯ ಕೊಟ್ಟರು. ಸೇವೆಯಿಂದ ಬಂದ ತೊಂದರೆಗೆ ಶೇ. 10 ಇದ್ದರೂ ಸಾಕು, ವಿಎಯಲ್ಲಿ ಡಾಕ್ಟರ್ ಭೇಟಿಗೆ ಮತ್ತು ವಾರ್ಡಿಗೆ ಕಾಪೇ, ಅಂದರೆ ರೋಗಿ ಕೈಯಿಂದ ಕಟ್ಟುವ ಪಾಲು, ಇಲ್ಲ. ಗುಂಯ್ ಅನ್ನುವ ಕಿವಿ ನನ್ನ ಲಿವರನ್ನು ಉಳಿಸಿತು! ಅಷ್ಟೂ ಇಲ್ಲದವರಿಗೆ ಆದಾಯ ನೋಡಿ ಕಾಪೇ ಹಾಕಬಹುದು. ಆದರೆ 2023ರಿಂದ ಮಾನಸಿಕ ಆರೋಗ್ಯದ ಹೊರರೋಗಿ ಭೇಟಿಗಳಲ್ಲಿ ವರ್ಷದ ಮೊದಲ ಮೂರಕ್ಕೆ ಕಾಪೇ ತೆಗೆದಿದ್ದಾರೆ. ಈ ರಿಯಾಯಿತಿ 2027ರ ಕೊನೆಯವರೆಗೆ.

ಮುಂದಿನ ಹೆಜ್ಜೆ ಒಳಗಿದ್ದು ಪಡೆಯುವ ಚಿಕಿತ್ಸೆ. ವಿಎಯದೇ ವಸತಿ ಕಾರ್ಯಕ್ರಮ ಇದೆ, ಆದರೆ ಹಾಸಿಗೆ ಖಾಲಿಯಾಗಲು ಒಂದೂವರೆ ತಿಂಗಳು ಅಂದರು. ಇಲ್ಲಿ ಕಮ್ಯುನಿಟಿ ಕೇರ್ ಅನ್ನುವುದು ಕೆಲಸಕ್ಕೆ ಬರುತ್ತದೆ, ಅಂದರೆ ವಿಎ ದುಡ್ಡು ಕಟ್ಟಿ ಹೊರಗಿನ ಕಡೆ ಕೊಡಿಸುವ ಚಿಕಿತ್ಸೆ. ಅದರ ಕಾನೂನು 2018ರಲ್ಲಿ ಆದ ಮಿಷನ್ ಆಕ್ಟ್, 2019ರ ಜೂನ್‌ನಿಂದ ಜಾರಿಗೆ ಬಂತು. ಕೌನ್ಸೆಲಿಂಗ್‌ನಂಥದ್ದಕ್ಕೆ ವಿಎ ಜಾಗ ಸರಾಸರಿ 30 ನಿಮಿಷದ ಡ್ರೈವ್‌ಗಿಂತ ದೂರ ಇದ್ದರೆ ಅಥವಾ 20 ದಿನಕ್ಕಿಂತ ಹೆಚ್ಚು ಕಾಯಬೇಕಾದರೆ ಹೊರಗೆ ಕಳಿಸಬೇಕು. ವಸತಿ ಚಿಕಿತ್ಸೆಗೆ ಆಗ 30 ದಿನ ಅಂತ ಲೆಕ್ಕ ಹಿಡಿಯುತ್ತಿದ್ದರು. ನಾನು ಕೇಳಿದ್ದು ಒಂದೇ ವಾಕ್ಯ: "ಅಷ್ಟು ದಿನ ಕಾಯಬೇಕಾದರೆ ನನಗೆ ಕಮ್ಯುನಿಟಿ ಕೇರ್ ರೆಫರಲ್ ಬೇಕು." ನಾನಾಗಿ ಕೇಳಿದ್ದಕ್ಕೇ ಕೆಲಸ ಬೇಗ ಆಯಿತು ಅಂತ ನನ್ನ ಅನಿಸಿಕೆ. ಕೆಲವೇ ದಿನದಲ್ಲಿ ಎರಡು ಗಂಟೆ ದೂರದ ಒಂದು ಸೆಂಟರ್‌ಗೆ ಪತ್ರ ಬಂತು.

ಆ ಪತ್ರ ಓದುವುದು ಒಂದು ವಿದ್ಯೆ. ಅದರಲ್ಲಿ ರೆಫರಲ್ ನಂಬರ್, ಯಾವ ತಾರೀಖಿನಿಂದ ಎಲ್ಲಿಯವರೆಗೆ, ಯಾವ ಚಿಕಿತ್ಸೆ ಅಂತ ಇರುತ್ತದೆ. ಬರೆದ ದಿನ ಮುಗಿದ ಮೇಲೂ ಇರಬೇಕಾದರೆ ಸೆಂಟರ್‌ನವರು ಮುಂಚೆಯೇ ವಿಎಗೆ ಮತ್ತೆ ಬರೆದು ಒಪ್ಪಿಗೆ ಪಡೆಯಬೇಕು. ನಾನು ಇಪ್ಪತ್ತನೇ ದಿನ ಅಲ್ಲಿನ ಆಫೀಸಿಗೆ ಹೋಗಿ "ಮುಂದಿನದಕ್ಕೆ ಬರೆದಿದ್ದೀರಾ?" ಅಂದೆ. ಬರೆದಿರಲಿಲ್ಲ. ಆಮೇಲೆ ದಿನಾ ಬೆಳಗ್ಗೆ ಹೋಗಿ ಕೇಳಿದೆ, ಹಾಲಿನವನ ಥರ. ಐದನೇ ದಿನ ಒಪ್ಪಿಗೆ ಬಂತು.

ಸೆಂಟರ್ ಒಳಗಿನ ಬದುಕಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಗುಂಪಿನಲ್ಲಿ ಕೂತು ಮಾತಾಡುವುದು ಮೊದಲ ವಾರ ಹಿಂಸೆ, ಎರಡನೇ ವಾರ ಅಭ್ಯಾಸ. ಹೆಂಡತಿ ತಂದ ಪುಳಿಯೋಗರೆಯನ್ನು ಗೇಟಿನಲ್ಲೇ ತಡೆದರು, ಹೊರಗಿನ ಊಟ ಬಿಡುವುದಿಲ್ಲವಂತೆ. ಆ ದಿನ ಅತ್ತಷ್ಟು ಕಂದಹಾರ್‌ನಲ್ಲೂ ಅತ್ತಿರಲಿಲ್ಲ.

ಕೆಲಸದ ಚಿಂತೆ ಇತ್ತು. ಎಫ್‌ಎಂಎಲ್‌ಎ ಕಾನೂನಿನಲ್ಲಿ ಅರ್ಹರಿಗೆ ವರ್ಷಕ್ಕೆ 12 ವಾರ ಸಂಬಳವಿಲ್ಲದ ರಜೆ ಸಿಗುತ್ತದೆ, ಕೆಲಸ ಉಳಿಯುತ್ತದೆ. ಡಾಕ್ಟರ ಹತ್ತಿರ ಪಡೆಯುವ ವ್ಯಸನ ಚಿಕಿತ್ಸೆಗೂ ಇದು ಅನ್ವಯಿಸುತ್ತದೆ. ಕುಡಿದು ಮಲಗಿ ತಪ್ಪಿಸಿಕೊಂಡ ದಿನಗಳಿಗೆ ಅಲ್ಲ. ಮ್ಯಾನೇಜರಿಗೆ "ಆಸ್ಪತ್ರೆ ಚಿಕಿತ್ಸೆ" ಅಂತಷ್ಟೇ ಹೇಳಿದೆ. ಕನ್ನಡ ಕೂಟದವರಿಗೆ "ಬೆನ್ನು ನೋವು" ಅಂದೆವು. ಅಮ್ಮನಿಗೆ ಮಾತ್ರ ನಿಜ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು "ಗೊತ್ತಿತ್ತು ಮಗಾ, ಫೋನಲ್ಲಿ ಮಾತು ತೊದಲ್ತಿತ್ತು" ಅಂದಳು.

ಹೊರಗೆ ಬಂದ ಮೇಲೆ ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆ, ದಿನಕ್ಕೆ 50 ಮಿಲಿಗ್ರಾಂ. ಮೊದಲಿಗೆ ತಿಂಗಳಿಗೆ ಕೆಲವು ಡಾಲರ್ ಕಾಪೇ ಇತ್ತು. ಆಮೇಲೆ ಹಳೆಯ ಸೈನಿಕರ ಸಂಘವೊಂದರ ಸೇವಾ ಅಧಿಕಾರಿಯ ನೆರವಿನಿಂದ, ಯುದ್ಧದಂಥ ಆಘಾತದಿಂದ ಬರುವ ಮಾನಸಿಕ ತೊಂದರೆಯಾದ ಪಿಟಿಎಸ್‌ಡಿಗೆ ಕ್ಲೇಮು ಹಾಕಿದೆ. ಈ ನೆರವು ಉಚಿತ, ಇದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಕುಡಿತಕ್ಕೆ ಅಂತ ನೇರವಾಗಿ ಅಂಗವೈಕಲ್ಯ ಕೊಡುವುದಿಲ್ಲ. ಆದರೆ ಸೇವೆಯಿಂದ ಬಂದ ಪಿಟಿಎಸ್‌ಡಿಯೇ ಕುಡಿತಕ್ಕೆ ಕಾರಣ ಅಂತ ಡಾಕ್ಟರ್ ಬರೆದರೆ ಅದರ ಜೊತೆ ಪರಿಗಣಿಸುತ್ತಾರೆ. 2023ರಲ್ಲಿ ಶೇ. 50 ಬಂತು. ಔಷಧಿಯ ಕಾಪೇ ಹೋಯಿತು. ಆಸ್ಪತ್ರೆಗೆ ಓಡಾಡಲು ಮೈಲಿಗೆ 41.5 ಸೆಂಟ್ ಕೊಡುತ್ತಾರೆ, 30 ದಿನದೊಳಗೆ ಕೇಳಬೇಕು. ನಾನು ಎರಡು ಸಲ ಮರೆತೆ.

ಇನ್ನೊಂದು ವಿಷಯ, ಇದು ನನಗೆ ಬೇಕಾಗಲಿಲ್ಲ, ಆದರೆ ನನ್ನ ಗುಂಪಿನ ಒಬ್ಬನಿಗೆ ಬೇಕಾಯಿತು. ಸಾಯಬೇಕು ಅನ್ನಿಸುವ ಹಂತಕ್ಕೆ ಹೋದರೆ 2023ರ ಜನವರಿ 17ರಿಂದ ಯಾವ ಆಸ್ಪತ್ರೆಗಾದರೂ ಹೋಗಬಹುದು. ಅರ್ಹ ವೆಟರನ್‌ಗಳಿಗೆ ವಿಎಯಲ್ಲಿ ಹೆಸರಿಲ್ಲದಿದ್ದರೂ ನಡೆಯುತ್ತದೆ. ಒಳರೋಗಿಯಾಗಿ 30 ದಿನದವರೆಗೆ ಖರ್ಚು ವಿಎಯದು. ಫೋನ್‌ನಲ್ಲಿ ನೆರವು ಬೇಕಾದರೆ 988ಕ್ಕೆ ಫೋನ್ ಮಾಡಿ 1 ಒತ್ತಬೇಕು, ಅದು ವೆಟರನ್‌ಗಳ ಸಹಾಯವಾಣಿ.

ಹೋದ ವರ್ಷ ಊರಿಗೆ ಹೋಗಿದ್ದೆ. ಮಾವ ಎಂದಿನಂತೆ ಕ್ಯಾಂಟೀನ್ ಕೋಟಾದ ರಮ್ ತಂದಿಟ್ಟಿದ್ದರು. ಬೇಡ ಅಂದೆ, ಕಾರಣವನ್ನೂ ಹೇಳಿದೆ. ಅವರು ಬಾಟಲಿಯನ್ನು ಬೀರುವಿನಲ್ಲಿಟ್ಟು ಬಂದು ಕೂತರು. ಅತ್ತೆ ಒಳಗೆ ಹೋಗುವವರೆಗೆ ಕಾದು, ಜೇಬಿನಿಂದ ಇಸಿಎಚ್‌ಎಸ್ ಕಾರ್ಡ್ ತೆಗೆದು ತಿರುಗಿಸಿ ನೋಡುತ್ತಾ, "ನಮ್ಮ ಕಾರ್ಡಲ್ಲೂ ಹಂಗೆ ಮಾಡ್ತಾರೇನೋ?" ಅಂದರು.

"ನಾಳೆ ಪಾಲಿಕ್ಲಿನಿಕ್‌ಗೆ ಹೋಗಿ ಕೇಳೋಣ ಮಾವ" ಅಂದೆ. "ಯಾವ ಆಸ್ಪತ್ರೆಗೂ ಸೇರೋಕೆ ಮುಂಚೆ."