ವೆಸ್ಟ್ ಹೈಲ್ಯಾಂಡ್ ವೇ: ತುಂಡು ಮಾಡಿ ನಡೆದ ಲೆಕ್ಕ

"ಲಾಕ್ ಲೋಮಂಡ್ ಸರೋವರದ ದಡ ನಿಮ್ಮನೆಯವರ ಮಂಡಿಗೆ ಆಗಲ್ಲ, ಸುಮ್ನೆ ಬಿಡಿ" ಅಂದವರೇ ಗ್ಲಾಸ್ಗೋದ ನಮ್ಮ ಗುಂಪಿನಲ್ಲಿ ಹೆಚ್ಚು. ವೆಸ್ಟ್ ಹೈಲ್ಯಾಂಡ್ ವೇ ಅಂದ್ರೆ ಸ್ಕಾಟ್ಲೆಂಡಿನ ಕಾಲುದಾರಿ, ಮಲ್‌ಗೈಯಿಂದ ಫೋರ್ಟ್ ವಿಲಿಯಂವರೆಗೆ 154 ಕಿ.ಮೀ. ನಾನೂ ಹೆಂಡತೀನೂ ಇಬ್ಬರೂ ನಡೆದಾಯ್ತು. ಅದಕ್ಕೇ ಬರೀತಿರೋದು.

ಮೊದಲು ಎಲ್ಲರ ಹಾಗೆ ಒಂದೇ ಸಲಕ್ಕೆ ಹೊರಟಿದ್ವಿ. ರಾತ್ರಿಗೆ ನೂರಿಪ್ಪತ್ತು ಪೌಂಡ್ ಹತ್ತಿರ ರೂಮು, ಬ್ಯಾಗ್ ಸಾಗಿಸೋಕೆ ಬೇರೆ ದುಡ್ಡು. ಮಳೆ ಹಿಡೀತು, ಮುಂಗಡ ಮುನ್ನೂರು ಚಿಲ್ಲರೆ ಪೌಂಡ್ ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು. ಟೆಂಟ್ ಹಾಕೋಣ ಅಂದ್ರೆ ಸರೋವರದ ದಡದ ಕೆಲವು ಕಡೆ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪರ್ಮಿಟ್ ಬೇಕು.

ಆಮೇಲೆ ದಾರಿಯನ್ನ ದಿನಕ್ಕೊಂದು ತುಂಡು ಮಾಡಿಕೊಂಡ್ವಿ: ರೈಲು ಹಿಡಿದು, ಬೆಳಿಗ್ಗೆ ಹೋಗಿ ಸಂಜೆಗೆ ಮನೆ. ಸುಲಭದ್ದು ಮೊದಲು: ಟೈಂಡ್ರಮ್‌ನಿಂದ ಬ್ರಿಜ್ ಆಫ್ ಆರ್ಕಿ, 11 ಕಿ.ಮೀ., ಎರಡೂ ತುದಿಯಲ್ಲಿ ಸ್ಟೇಷನ್. ಇಬ್ಬರು ಜೊತೆಗೆ ಹೋಗೋರಿಗೆ ಇರೋ ಟು ಟುಗೆದರ್ ರೈಲ್‌ಕಾರ್ಡಲ್ಲಿ ಟಿಕೆಟ್‌ಗೆ ಮೂರರಲ್ಲಿ ಒಂದು ಪಾಲು ಉಳಿತಾಯ. ರೈಲು, ಬಸ್ಸು, ದೋಣಿ ಎಲ್ಲ ಸೇರಿ ಇಬ್ಬರಿಗೆ ಮುನ್ನೂರೈವತ್ತರ ಆಸುಪಾಸು.

ಎಲ್ಲರೂ ಹೆದರಿಸಿದ ದಡವನ್ನ ದೋಣಿಯಿಂದ ಕತ್ತರಿಸಿದೆ. ಟಾರ್ಬೆಟ್‌ನಿಂದ ದೋಣೀಲಿ ರೋವರ್ಡೆನನ್, ಅಲ್ಲಿಂದ ಇನ್‌ವರ್ಸ್ನೇಡ್‌ಗೆ ನಡೆದು ಮತ್ತೆ ದೋಣಿ. ಇನ್ನೊಂದು ದಿನ ಇನ್‌ವರ್ಸ್ನೇಡ್‌ನಿಂದ ಆರ್ಡ್‌ಲೀಶ್. ನಡೆಯೋಕೆ ಎಷ್ಟು ಹೊತ್ತು ಅಂತ ಅಂದಾಜಿಸೋ ನೇಸ್ಮಿತ್ ಲೆಕ್ಕ ಅಲ್ಲಿ ನಡೆಯಲ್ಲ: ಏಳು ಕಿ.ಮೀ.ಗೆ ನಾಲ್ಕು ಗಂಟೆ ಹತ್ತಿರ. ಒದ್ದೆ ಬಂಡೆ, ಬೇರು, ಕೈ ಊರಿ ಇಳೀಬೇಕು. ಆರ್ಡ್‌ಲೀಶ್‌ನಲ್ಲಿ ಕಂಬದ ಹಗ್ಗ ಎಳೆದು ದೊಡ್ಡ ಚೆಂಡು ಏರಿಸಿದರೆ ಎದುರು ದಡದ ಆರ್ಡ್‌ಲೂಯಿಯಿಂದ ದೋಣಿ ಬರುತ್ತೆ. ಮೇಲೆ ಹೋಗ್ತಿದ್ದ ಆ ಚೆಂಡು ನೋಡಿ ನಮ್ಮವಳು ಮಂಡಿ ನೋವೇ ಮರೆತಳು.

ಡೆವಿಲ್ಸ್ ಸ್ಟೇರ್‌ಕೇಸ್ ಅನ್ನೋ ಬೆಟ್ಟದ ಏರು ಹೆಸರಿಗಷ್ಟೇ ಭೂತ. 550 ಮೀಟರ್ ಎತ್ತರ ನಿಜ, ಆದರೆ ರಸ್ತೆಯಿಂದ ಏರೋದು ಅದರ ಅರ್ಧವೂ ಇಲ್ಲ. ಮಂಡಿ ಕೇಳೋದು ಆಚೆ ಕಡೆ, ಸಮುದ್ರಮಟ್ಟದ ಕಿನ್‌ಲಾಕ್‌ಲೀವನ್‌ಗೆ ಇಳಿಯುವಾಗ. ಕೋಲು ಹತ್ತು ಸೆಂ.ಮೀ. ಉದ್ದ ಮಾಡಿಕೊಳ್ಳಿ. ಮಂಡಿಪಟ್ಟಿ ಕಟ್ಟುವ ನಮ್ಮ ವಿಧಾನ ಮಾತ್ರ ಇಲ್ಲಿ ಬರೆಯಲ್ಲ, ಸಿಕ್ಕಾಗ ತೋರಿಸ್ತೀನಿ.

ಮಿಜ್ ನುಸಿಗೆ ಬೇವಿನೆಣ್ಣೆ ಒಂದು ಕೈಗೆ, ಅಂಗಡಿ ಸ್ಪ್ರೇ ಇನ್ನೊಂದಕ್ಕೆ ಹಚ್ಚಿ ನೋಡಿದೆ. ಬೇವು ಅರ್ಧ ಗಂಟೆ ತಡೀತು. ವಾಸನೆಗೆ ನುಸಿಗಿಂತ ಮೊದಲು ಹೆಂಡತಿ ದೂರ ಸರಿದಳು. ಗಾಳಿ ಇದ್ದ ದಿನ ಯಾವುದೂ ಬೇಡ.

ದೋಣಿಗಳು ಚಳಿಗಾಲದಲ್ಲಿ ಇರಲ್ಲ. ದಡದ ತುಂಡುಗಳನ್ನ ಸೆಪ್ಟೆಂಬರ್ ಒಳಗೆ ಮುಗಿಸಿ, ರೈಲಿನ ತುಂಡುಗಳನ್ನ ಆಮೇಲಕ್ಕೆ ಇಟ್ಕೊಳ್ಳಿ.