ಪಾಲಕ್‌ನ ಸುಳಿ ಉಳಿಸಿ ಕೊಯ್ಯಿರಿ

ಪಾಲಕ್ ಬೀಜವನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ. ಉರುಟುರುಟಾಗಿ, ಥೇಟ್ ಬೀಟ್‌ರೂಟ್ ಬೀಜದ ಹಾಗೆ ಇರುತ್ತದೆ. ಎರಡೂ ಒಂದೇ ಕುಲ. ಒಂದು ಕಾಳು ಎಂದು ಕಾಣುವುದರೊಳಗೆ ಎರಡು ಮೂರು ಬೀಜ ಅಂಟಿಕೊಂಡಿರುತ್ತವೆ. ಹಾಗಾಗಿ ರಾಗಿ ಚೆಲ್ಲಿದಂತೆ ಚೆಲ್ಲಿದರೆ ಸಸಿಗಳು ಒತ್ತೊತ್ತಾಗಿ ಎದ್ದು, ಎಲೆ ಅಗಲವಾಗುವುದೇ ಇಲ್ಲ.

ಬೀಜವನ್ನು ಹಿಂದಿನ ರಾತ್ರಿಯೇ ನೆನೆಹಾಕಿ. ಕುಂಡ 8 ಇಂಚು ಆಳವಿದ್ದರೆ ಸಾಕು, ಅಗಲವಾಗಿರಲಿ, ತಳದಲ್ಲಿ ತೂತು ಇರಲೇಬೇಕು. ಎರಡು ಪಾಲು ಕೆಂಪುಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, ಒಂದು ಹಿಡಿ ಬೇವಿನ ಹಿಂಡಿ. ಸಾಲಿನಿಂದ ಸಾಲಿಗೆ 6 ಇಂಚು ಬಿಟ್ಟು, ಅರ್ಧ ಇಂಚು ಆಳಕ್ಕೆ ಬೀಜ ಹಾಕಿ. ವಾರ, ಹತ್ತು ದಿನಕ್ಕೆ ಮೊಳಕೆ ಬರುತ್ತದೆ. ಮೂರು ನಾಲ್ಕು ಎಲೆ ಬಂದಾಗ 3 ಇಂಚಿಗೊಂದು ಗಿಡ ಉಳಿಸಿ ಮಿಕ್ಕಿದ್ದು ಕಿತ್ತುಬಿಡಿ. ಕಿತ್ತ ಎಳೆ ಸಸಿ ಬೇಳೆ ಸಾರಿಗೆ ಬಲು ರುಚಿ.

ಸುಮಾರು 30–35 ದಿನಕ್ಕೆ ಮೊದಲ ಕೊಯ್ಲು. ಹೆಚ್ಚಿನವರು ಎಡವುವುದು ಇಲ್ಲೇ. ಗಿಡದ ನಡುವೆ, ಮಣ್ಣಿಗೆ ಅಂಟಿಕೊಂಡಂತೆ, ಮಡಚಿದ ಪುಟ್ಟ ಎಲೆಗಳ ಸುಳಿ ಇರುತ್ತದೆ. ಮುಂದಿನ ಸೊಪ್ಪೆಲ್ಲ ಬರಬೇಕಾದ್ದು ಅಲ್ಲಿಂದಲೇ. ನೆಲದಿಂದ ಒಂದು ಇಂಚು ಮೇಲೆ ಹರಿತವಾದ ಚಾಕುವಿನಿಂದ ಕೊಯ್ಯಿರಿ, ಇಲ್ಲವೇ ಹೊರಸುತ್ತಿನ ಎಲೆಗಳನ್ನಷ್ಟೇ ತೆಗೆಯಿರಿ. ಕೈಯಲ್ಲಿ ಹಿಡಿದು ಜಗ್ಗಿದರೆ ಬೇರು ಅಲುಗಿ ಗಿಡ ಸೊರಗುತ್ತದೆ. ಹದವಾಗಿ ಕೊಯ್ದರೆ ಎರಡು ವಾರಕ್ಕೊಮ್ಮೆಯಂತೆ ನಾಲ್ಕೈದು ಸಲ ಸಿಗುತ್ತದೆ. ಪ್ರತಿ ಕೊಯ್ಲಿನ ಮರುದಿನ ಒಂದು ಹಿಡಿ ಎರೆಗೊಬ್ಬರ ಹಾಕಿ ನೀರು ಕೊಡಿ. ಸೊಪ್ಪಿನ ಜೊತೆ ಮಣ್ಣಿನ ಸಾರಜನಕವೂ ಹೋಗಿರುತ್ತದೆ. ಬುಡದ ಎಲೆ ಹಳದಿಯಾದರೆ ಮೊದಲು ಮಣ್ಣಿಗೆ ಬೆರಳು ಇಳಿಸಿ ನೋಡಿ. ಕೆಸರು ಕೆಸರಾಗಿದ್ದರೆ ನೀರು ಹೆಚ್ಚಾಗಿದೆ, ಹದವಾಗಿದ್ದರೆ ಗೊಬ್ಬರ ಸಾಲದು.

ನೀರನ್ನು ಬೆಳಗ್ಗೆಯೇ, ಬುಡಕ್ಕೇ ಹಾಕಿ. ಸಂಜೆ ತೋಯಿಸಿದ ಎಲೆ ರಾತ್ರಿಯಿಡೀ ಒದ್ದೆಯಾಗಿದ್ದು, ಬೂದು ನಡು, ಕೆಂಪು ಅಂಚಿನ ದುಂಡು ಚುಕ್ಕೆ ಬೀಳುತ್ತದೆ. ಎಲೆಯೊಳಗೆ ಬಿಳಿ ಅಂಕುಡೊಂಕು ಗೆರೆ ಕಂಡರೆ ಹುಳ ಪದರಗಳ ನಡುವೆ ಕೂತಿದೆ ಎಂದರ್ಥ. ಮೇಲೆ ಬೇವಿನೆಣ್ಣೆ ಹೊಡೆದರೆ ಅದಕ್ಕೆ ಅಷ್ಟಾಗಿ ತಾಗದು. ಆ ಎಲೆಯನ್ನೇ ಕಿತ್ತು ನಾಶಮಾಡಿ, ಗೊಬ್ಬರದ ಗುಂಡಿಗೆ ಎಸೆಯಬೇಡಿ.

ಬಯಲುಸೀಮೆಯಲ್ಲಿ ದೀಪಾವಳಿಯಿಂದ ಶಿವರಾತ್ರಿಯವರೆಗೆ ಪಾಲಕ್‌ಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಮಧ್ಯಾಹ್ನದ ನೆರಳು ಬೇಕು. ನಡುವಿಂದ ಹೂಕಡ್ಡಿ ಎದ್ದರೆ ಎಲೆ ಸಣ್ಣದಾಗಿ ಕಹಿಯಾಗುತ್ತದೆ; ಗಿಡ ಕಿತ್ತು ಅದೇ ಮಣ್ಣಿಗೆ ಮೆಂತ್ಯ ಹಾಕಿ, ಬೀಟ್‌ರೂಟ್ ಮಾತ್ರ ಬೇಡ, ಪಾಲಕ್‌ನ ರೋಗವೇ ಅದಕ್ಕೂ ಹತ್ತುತ್ತದೆ.